ಕಾಳಾಚಾರಿ ಕೆಡಿಸಿದ ಬಾಗಿಲು

ನಮ್ಮೂರಿನಲ್ಲಿ ನಾಲ್ಕು ಜನ ಕಾಫಿ ಕುಡಿಯುತ್ತಾ ಕೂತಾಗ ಮಾತಿಗೆ ಬರ ಬಂದರೆ ನನ್ನ ಹೆಸರು ತೆಗೆಯುತ್ತಾರೆ. "ಕಾಳಾಚಾರಿ ಕೆಡಿಸಿದ ಬಾಗಿಲು ನೆನಪಿದ್ಯಾ?" ಅಂತ ಒಬ್ಬರು ಶುರು ಮಾಡಿದರೆ ಸಾಕು, ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ. ಮೂವತ್ತೆರಡು ವರ್ಷ ಉಳಿ ಹಿಡಿದವನು ನಾನು. ಈ ಊರಿನ ಅರ್ಧಕ್ಕರ್ಧ ಬಾಗಿಲು ನನ್ನ ಕೈಯವು. ಒಂದರಲ್ಲೂ ಕೂದಲೆಳೆ ನುಸುಳುವಷ್ಟು ಸಂದು ಬಿಟ್ಟವನಲ್ಲ. ಹೀಗೆ ನನ್ನನ್ನು ನಾನೇ ಹೊಗಳಿಕೊಳ್ಳುವುದು ಹಳೆಯ ಚಾಳಿ. "ತನ್ನ ಬೆನ್ನು ತಾನೇ ತಟ್ಕೊಂಡ್ರೆ ಕೈ ಉಳುಕುತ್ತೆ ಕಣ್ರೀ" ಅಂತ ನನ್ನ ಹೆಂಡತಿ ದಾಕ್ಷಾಯಣಿ ಹೇಳುತ್ತಲೇ ಇರುತ್ತಾಳೆ. ಆ ಕೆಟ್ಟ ಬಾಗಿಲಿನ ನಿಜವನ್ನು ಇಷ್ಟು ದಿನ ಹೊರಗಿನವರ ಮುಂದೆ ಹೇಳುವ ಹಾಗಿರಲಿಲ್ಲ. ಹೇಳಬೇಕಾದ ಹುಡುಗಿಯೇ ಮೊನ್ನೆ "ಇನ್ನು ಹೇಳ್ಕಳಿ ಆಚಾರ್ರೇ, ನಂಗೇನೂ ನಾಚ್ಕೆ ಇಲ್ಲ" ಅಂದಿದ್ದಾಳೆ. ಹಾಗಾಗಿ ಹೇಳುತ್ತೇನೆ.

ನಮ್ಮೂರಿನ ಬಾಗಿಲುಗಳ ಸ್ವಭಾವ ಮೊದಲು ಗೊತ್ತಿರಲಿ. ಹತ್ತು ತುಂಬಿ ಇಪ್ಪತ್ತು ದಾಟದ ಮಗುವೊಂದು ತನ್ನ ಮೈಗೆ ತಾನೇ ನೋವು ಮಾಡಿಕೊಂಡರೆ, ಆ ಮನೆಯ ಮುಂಬಾಗಿಲು ಅವತ್ತಿನಿಂದ ಮುಚ್ಚುವುದಿಲ್ಲ. ಒಂದು ಗೇಣು ಸಂದು ಬಿಟ್ಟು ನಿಂತುಬಿಡುತ್ತದೆ. ತಳ್ಳಿ, ಒದೆಯಿರಿ, ಎತ್ತು ಕಟ್ಟಿ ಎಳೆಸಿ, ಜಪ್ಪಯ್ಯ ಅಂದರೂ ಅದಕ್ಕಿಂತ ಮುಚ್ಚಿಕೊಳ್ಳುವುದಿಲ್ಲ. ಮಗು ಚೇತರಿಸಿಕೊಂಡ ಹಾಗೆ ಸಂದು ತಾನಾಗಿ ಕಿರಿದಾಗುತ್ತದೆ. ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಅದಕ್ಕೆ ಯಾರಾದರೂ ಸಭೆ ಕರೆಯುತ್ತಾರೆಯೇ?

ಹಾಗೆ ಮುಚ್ಚದೆ ನಿಂತ ಬಾಗಿಲು ಕಂಡವರು ಒಳಗೆ ಹೋಗಿ ಕೂರಬೇಕು. ಅದಕ್ಕೆ ನಾವು 'ಕೂರೋಕೆ ಹೋಗೋದು' ಅನ್ನುತ್ತೇವೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಅವರೆಕಾಯಿ ಬಿಡಿಸುವುದೋ ಹೂ ಕಟ್ಟುವುದೋ ಏನಾದರೊಂದು ಕೆಲಸ ಹಿಡಿದು ಹೋಗಬೇಕು. ಮಗುವನ್ನು ಯಾಕೆ, ಏನು ಅಂತ ಕೇಳುವ ಹಾಗಿಲ್ಲ, ಅದು ತಾನಾಗಿ ಬಾಯಿಬಿಟ್ಟರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೇಳಬೇಕು. ಇನ್ನೊಬ್ಬರು ಬರುವ ತನಕ ಎದ್ದು ಹೋಗುವ ಹಾಗೂ ಇಲ್ಲ. ಈ ಕೊನೆಯ ಮಾತಿನಿಂದ ಆಗಿರುವ ಫಜೀತಿ ಅಷ್ಟಿಷ್ಟಲ್ಲ. ಕ್ಷೌರದ ಮುತ್ತುರಾಯ ಒಂದು ಸಲ ಪುಟ್ಟಸ್ವಾಮಿ ಮೇಷ್ಟ್ರ ಗಡ್ಡ ಅರ್ಧ ಹೆರೆದು, ಬಿಸಿನೀರು ತರಲು ಹೋದವನು, ದಾರಿಯಲ್ಲಿ ಮುಚ್ಚದ ಬಾಗಿಲು ಕಂಡು ಒಳಗೆ ಹೋಗಿ ಕೂತುಬಿಟ್ಟ. ಕಾದು ಕಾದು ಸಾಕಾದ ಮೇಷ್ಟ್ರು ಒಂದು ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು ಹುಡುಕಿಕೊಂಡು ಬಂದರು. ಮೇಷ್ಟ್ರು ಬಂದದ್ದರಿಂದ ಮುತ್ತುರಾಯನಿಗೆ ಬಿಡುಗಡೆಯಾಯಿತು, ಮೇಷ್ಟ್ರು ಸಿಕ್ಕಿಹಾಕಿಕೊಂಡರು. ಸಂಜೆಯವರೆಗೂ ಅವರು ಅರ್ಧ ಗಡ್ಡದಲ್ಲೇ ಕೂತು ಹುಣಿಸೆಹಣ್ಣಿನ ಬೀಜ ತೆಗೆದರು. ಆ ಮನೆಯ ಹುಡುಗ ಮೂರು ವಾರದ ಮೇಲೆ ಮೊದಲ ಸಲ ನಕ್ಕದ್ದು ಅವತ್ತೇ.

ಬಾಗಿಲು ಮುಚ್ಚದಿದ್ದರೆ ಮೊದಲು ನನ್ನನ್ನೇ ಕರೆಯುತ್ತಾರೆ. ಮರ ಉಬ್ಬಿ ನಿಂತಿದೆಯೋ ಮಗುವಿನಿಂದ ನಿಂತಿದೆಯೋ ಅಂತ ನಾನು ಬೆರಳ ಗೆಣ್ಣಿನಲ್ಲಿ ತಟ್ಟಿ ಹೇಳಬಲ್ಲೆ. ಮರವಾದರೆ ತೋಪಡ ಹಿಡಿದು ಅಂಚು ಸವರುತ್ತೇನೆ. ಮಗುವಾದರೆ ಉಳಿ, ಗರಗಸ ಎಲ್ಲ ಹೊರಗೆ ಚೀಲದಲ್ಲಿ ಕಟ್ಟಿಟ್ಟು, ಮರದ ಚೂರು, ಉಪ್ಪುಕಾಗದ ಹಿಡಿದು ಒಳಗೆ ಹೋಗಿ ಕೂರುತ್ತೇನೆ. ನಾನು ಚಿಕ್ಕವನಿದ್ದಾಗ ವರ್ಷಕ್ಕೆ ಎರಡೋ ಮೂರೋ ಬಾಗಿಲು ಹೀಗಾಗುತ್ತಿದ್ದವು. ಈಚೆಗೆ ತಿಂಗಳಿಗೆ ಮೂರು. ಅದರಲ್ಲೂ ಹೆಣ್ಣುಮಕ್ಕಳಿರುವ ಮನೆಗಳೇ ಹೆಚ್ಚು.

ಮೇಲಿನ ಬೀದಿಯ ದೊಡ್ಡ ಮನೆಗಳವರು ಮಾತ್ರ ಈ ಪದ್ಧತಿಗೆ ಒಗ್ಗಲಿಲ್ಲ. ಮುಂಬಾಗಿಲ ಹಿಂದೆ ಇನ್ನೊಂದು ಬಾಗಿಲು, ಮುಂದೆ ಆಳೆತ್ತರದ ಗೇಟು, ಗೇಟಿಗೊಬ್ಬ ಕಾವಲಿನವನು. ನಾವು ಅವರೆಕಾಯಿ ಹಿಡಿದು ಹೋದರೆ "ಸಾಹೇಬ್ರು ಊರಲ್ಲಿಲ್ಲ" ಅನ್ನುತ್ತಾನೆ. ಅವರ ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಪರ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಒಳ್ಳೆಯದೇ. ಡಾಕ್ಟರೂ ಬೇಕು, ಕೂರುವವರೂ ಬೇಕು. ಅವರಿಗೆ ಒಂದು ಸಿಕ್ಕಿತು, ನಮಗೆ ಒಂದು ಸಿಕ್ಕಿತು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ. ಎರಡೂ ಸಿಗದವರು ಇರುತ್ತಾರೆ ಅಂತ ನನಗೆ ಹೊಳೆದಿರಲೇ ಇಲ್ಲ.

ಆ ವರ್ಷ ಬಿರುಬೇಸಗೆಯಲ್ಲಿ ರಾಜಧಾನಿಯಿಂದ ವೈಜಯಂತಿ ಅನ್ನುವ ಅಧಿಕಾರಿ ಬಂದರು. ತನ್ನನ್ನು ತಾನು ನೋಯಿಸಿಕೊಳ್ಳುವ ಮಕ್ಕಳು ಎಲ್ಲೆಲ್ಲಿ ಎಷ್ಟೆಷ್ಟು ಇದ್ದಾರೆ ಅಂತ ಎಣಿಸುವುದು ಅವರ ಕೆಲಸ. ನಮ್ಮೂರಿನಲ್ಲಿ ಬಾಗಿಲು ನೋಡಿದರೆ ಗೊತ್ತಾಗುತ್ತದೆ ಅಂತ ಕೇಳಿ ಖುಷಿಯಿಂದ ಓಡಿ ಬಂದಿದ್ದರು. ಬಾಗಿಲು ಅಂದಮೇಲೆ ಕಾಳಾಚಾರಿ. ನನ್ನನ್ನೇ ಜೊತೆಗೆ ಕರೆದುಕೊಂಡರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ಮುಂದೆ ನಡೆದೆ.

"ಎಲ್ಲಾ ದೇಶದಲ್ಲೂ ಎಣಿಸ್ತಾ ಇದಾರೆ ಆಚಾರ್ರೇ" ಅಂತ ಅವರು ಕೊಡೆ ಹಿಡಿದು ನಡೆಯುತ್ತಾ ಹೇಳಿದರು. "ಕೆಲವು ಕಡೆ ಏರ್ತಾ ಇದೆ, ಕೆಲವು ಕಡೆ ಇಳೀತಾ ಇದೆ. ತೊಂದರೆ ಏನು ಗೊತ್ತಾ? ಎಣಿಸೋರು ಹೋದ ಕಡೆ ಮಾತ್ರ ಸಂಖ್ಯೆ ಸಿಗುತ್ತೆ. ಹೋಗದೇ ಇರೋ ಕಡೆ ಏನಿದೆಯೋ ದೇವರಿಗೇ ಗೊತ್ತು."

ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಖರ್ಚೇನು? ಮೂರು ದಿನ ಬೀದಿ ಬೀದಿ ಸುತ್ತಿ, ಕಡೆಗೆ ಹೆಂಚಿನ ಕಾರ್ಖಾನೆಯ ಹಿಂದಿನ ಗುಡಿಸಲು ಸಾಲಿಗೆ ಬಂದೆವು. ಹೆಂಚು ಸುಡುವವರು, ಮಣ್ಣು ಹೊರುವವರು ಇರುವ ಜಾಗ. ಇಪ್ಪತ್ತೆರಡು ಗುಡಿಸಲು. ಬಾಗಿಲ ಜಾಗದಲ್ಲಿ ಗೋಣಿತಾಟು, ಹಳೆ ಸೀರೆ, ಇಲ್ಲವೇ ಚುನಾವಣೆ ಮುಗಿದ ಮೇಲೆ ಬಿಚ್ಚಿಕೊಂಡು ಬಂದ ಫ್ಲೆಕ್ಸು. ಒಂದು ಗುಡಿಸಲಿಗೆ ಹೋಗಬೇಕಾದರೆ ಯಾವನೋ ಪುಢಾರಿಯ ಮೀಸೆ ಎತ್ತಿ ಅವನ ಗಲ್ಲದಡಿಯಲ್ಲಿ ನುಗ್ಗಬೇಕಿತ್ತು. ಮೇಡಂ ತಮ್ಮ ಹಲಗೆಯ ಮೇಲಿನ ಕಾಗದ ನೋಡಿ, "ಮುಚ್ಚದ ಬಾಗಿಲು ಇಲ್ಲಿ ಎಷ್ಟು?" ಅಂದರು. "ಒಂದೂ ಇಲ್ಲ ಮೇಡಂ. ಬಡತನ ಇದ್ರೂ ನೆಮ್ಮದಿಯಾಗಿದಾರೆ" ಅಂದೆ. ನನ್ನ ಈ ಬಾಯಿಂದಲೇ ಅಂದೆ. ಅವರು ದುಂಡಗೆ ಸೊನ್ನೆ ಬರೆದರು.

ಪಕ್ಕದ ನಲ್ಲಿಯಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಅವಳು ಕೆಂಚಿ, ಹದಿನೈದು ವರ್ಷದವಳು. ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಸಣ್ಣೀರಮ್ಮನ ಮಗಳು. "ಬಾಗ್ಲೇ ಇಲ್ದಿದ್ಮೇಲೆ ಮುಚ್ಚದೇನು ಬಿಡದೇನು ಆಚಾರ್ರೇ?" ಅಂದಳು. ಒಳ್ಳೆ ತಮಾಷೆ ಅಂತ ನಾನೂ ನಗಲು ಹೊರಟೆ. ಆಗ ಅವಳು ಬಿಂದಿಗೆ ಸೊಂಟಕ್ಕೇರಿಸಿ, ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೂ ಎಳೆದುಕೊಂಡಳು. ಕಾಗೆಯೂ ಬಾಯಿ ಬಿಟ್ಟುಕೊಂಡು ನೆರಳಲ್ಲಿ ಕೂತಿದ್ದ ಬಿಸಿಲು. ಆ ಬಿಸಿಲಲ್ಲಿ ಉಣ್ಣೆಯ ಸ್ವೆಟರು. ಹೀಗೆ ತೋಳು ಮುಚ್ಚಿಕೊಳ್ಳುವ ಮಕ್ಕಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೆ.

ಅವತ್ತು ಮಧ್ಯಾಹ್ನ ಮುದ್ದೆ ಇಳಿಯಲಿಲ್ಲ. ಅಷ್ಟು ವರ್ಷ ನಾನು ಬಾಗಿಲು ನೋಡಿದೆನೇ ಹೊರತು ಬಾಗಿಲಿಲ್ಲದ ಕಡೆ ಕಣ್ಣೆತ್ತಿ ನೋಡಲಿಲ್ಲ. ಆ ಹುಡುಗಿಗೆ ಇನ್ನೂ ಏನಾದರೂ ಆದರೆ ಅಂತ ಭಯವಾಯಿತು. ದಾಕ್ಷಾಯಣಿಗೆ ಎಲ್ಲ ಹೇಳಿದೆ. ಅವಳು ತಟ್ಟೆ ಎತ್ತುತ್ತಾ, "ಬಾಗ್ಲು ಮಾಡೋದು ಬಿಟ್ರೆ ನಿಮಗೆ ಇನ್ನೇನ್ ಬರುತ್ತೆ? ಬರೋದನ್ನೇ ಮಾಡಿ" ಅಂದಳು. ಸುಮ್ಮನೆ ಹೋಗಿ ಆ ಗುಡಿಸಲಲ್ಲಿ ಕೂರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಈಗ ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬಾಗಿಲು ಕರೆಯದೆ ಕೂರಲು ಹೋದವರು ನಮ್ಮೂರಿನಲ್ಲಿ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ನಮ್ಮ ಬುದ್ಧಿ ಓಡುವುದು ಅಷ್ಟೇ ದೂರ.

ದೇವರ ಮನೆಗೆ ಅಂತ ಎತ್ತಿಟ್ಟಿದ್ದ ಹಲಸಿನ ಹಲಗೆ ಹೊರತೆಗೆದೆ. ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಐದನೆಯ ದಿನ ಬೆಳಿಗ್ಗೆ ಚೌಕಟ್ಟು, ಬಾಗಿಲು ಎರಡನ್ನೂ ಗಾಡಿಯಲ್ಲಿ ಹೇರಿಕೊಂಡು ಗುಡಿಸಲು ಸಾಲಿಗೆ ಹೋದೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಾ ಆಚಾರ್ರೇ?" ಅಂತ ಮುತ್ತುರಾಯ ಅಂಗಡಿಯೊಳಗಿಂದಲೇ ಕೂಗಿದ.

ಸಣ್ಣೀರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ನಮಗ್ಯಾಕ್ ಆಚಾರ್ರೇ ಬಾಗ್ಲು? ಕದಿಯಾಕೆ ಏನೈತೆ ಒಳಗೆ, ಎರಡು ಚಂಬು ಒಂದು ಚಾಪೆ." ನಾನು ಮೊದಲೇ ಯೋಚಿಸಿಟ್ಟಿದ್ದ ಸುಳ್ಳು ಹೇಳಿದೆ. "ಹೊಸ ನಮೂನೆ ಕೀಲು ಬಂದಿದೆ ಕಣಮ್ಮ. ಎಲ್ಲಾದ್ರೂ ಒಂದು ಕಡೆ ಹಾಕಿ ನೋಡ್ಬೇಕು. ನಿನ್ ಗುಡಿಸ್ಲೇ ಆಗ್ಲಿ." ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಬಂದ ಬಾಗಿಲನ್ನು ಬೇಡ ಅನ್ನುವವರು ಯಾರು? ಗುಡಿಸಲ ಗೋಡೆಗೆ ಚೌಕಟ್ಟು ತಡೆಯುವ ಶಕ್ತಿ ಇರಲಿಲ್ಲ. ಎರಡು ಕಲ್ಲುಕಂಬ ಹೂಳಿ, ಅವುಗಳ ನಡುವೆ ಚೌಕಟ್ಟು ನಿಲ್ಲಿಸಿ, ಎರಡೂ ಕಡೆಯ ಗೋಣಿತಾಟನ್ನು ಅದಕ್ಕೇ ಬಿಗಿದೆ. ಮಕ್ಕಳೆಲ್ಲ ಬಾಗಿಲು ಬಿಟ್ಟು ಪಕ್ಕದ ತಾಟಿನ ಕೆಳಗೆ ನುಸುಳಿ ಆಚೆ ಈಚೆ ಓಡಾಡಿ ಕೇಕೆ ಹಾಕಿದರು. ಮೇಷ್ಟ್ರು, ಮುತ್ತುರಾಯ, ಕಾರ್ಖಾನೆಯ ನಾಲ್ಕೈದು ಜನ, ಎಲ್ಲ ಮದುವೆಗೆ ಬಂದವರ ಹಾಗೆ ಸುತ್ತ ನಿಂತಿದ್ದರು. ತೂಗುಗುಂಡು ಬಿಟ್ಟು ನೋಡಿದೆ, ಚೌಕಟ್ಟು ನೆಟ್ಟಗಿತ್ತು. ಕೀಲಿಗೆ ಎಣ್ಣೆ ಬಿಟ್ಟೆ. ಬಾಗಿಲು ತಳ್ಳಿದೆ.

ಗೇಣು ಸಂದು ಬಿಟ್ಟು ನಿಂತಿತು.

ಬೆರಳ ಗೆಣ್ಣಿನಿಂದ ತಟ್ಟಿದೆ. ಒಣಗಿದ ಹಲಸು ಖಣಿ ಖಣಿ ಅಂದಿತು. ಮರದಲ್ಲಿ ಏನೂ ಇಲ್ಲ. ತಲೆ ಎತ್ತಿದರೆ ಸಂದಿನ ಆಚೆ ಕೆಂಚಿ ನಿಂತಿದ್ದಳು, ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಊರಿನ ಪದ್ಧತಿ ಅವಳಿಗೂ ಗೊತ್ತು. ನನಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿದಳು. "ನಿಮ್ ದಮ್ಮಯ್ಯ ಆಚಾರ್ರೇ. ಅಮ್ಮಂಗೆ ಗೊತ್ತಾಗ್ಬಾರ್ದು. ಅವ್ಳು ಎದೆ ಒಡ್ಕಂಡ್ಬಿಡ್ತಾಳೆ. ಬಾಗ್ಲು ಕೆಟ್ಟೈತೆ ಅನ್ನಿ."

ಬಾಗಿಲು ಕೆಟ್ಟಿದೆ ಅನ್ನಬೇಕಂತೆ. ನಾನು! ಸುತ್ತ ಅಷ್ಟು ಜನ. ನನ್ನ ಅಪ್ಪ ಸಾಯುವಾಗ ಆಸ್ತಿ ಅಂತ ಕೊಟ್ಟದ್ದು ಒಂದು ಮಾತು, 'ಕೈ ತಪ್ಪಬೇಡ' ಅಂತ. ಅದೊಂದನ್ನು ಉಳಿಸಿಕೊಂಡು ಬಂದಿದ್ದೆ. ಆ ಹುಡುಗಿ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. "ಹೇಳ್ತೀನಿ. ಆದ್ರೆ ದಿನಾ ರಿಪೇರಿಗೆ ಬರ್ತೀನಿ, ಬೇಡ ಅನ್ಬಾರ್ದು" ಅಂತ ನಾನೂ ಪಿಸುಗುಟ್ಟಿದೆ. ಅವಳು ತಲೆಯಾಡಿಸಿದಳು. ನಾನು ಜನರ ಕಡೆ ತಿರುಗಿ, ಹಣೆ ಚಚ್ಚಿಕೊಂಡು, "ಥೂ, ಅಳತೆ ತಪ್ಪಿಬಿಟ್ಟೆ ಕಣ್ರಯ್ಯ" ಅಂದೆ.

ಎದ್ದಿತು ನೋಡಿ ನಗು! ಮುತ್ತುರಾಯ ನೆಲದ ಮೇಲೆ ಕೂತೇಬಿಟ್ಟ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಣ್ಣೀರಮ್ಮ ಒಬ್ಬಳೇ ನಗಲಿಲ್ಲ. "ನಾಯಿ ನುಗ್ಗತೈತೆ ಇದ್ರಾಗೆ. ಮೊದ್ಲಿನ್ ತಾಟೇ ವಾಸಿಯಾಗಿತ್ತು" ಅಂತ ಗೊಣಗಿದಳು.

ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮಾರನೆಯ ದಿನದಿಂದ ಜನ ಬರಲು ಶುರು ಮಾಡಿದರು. ಆನೆ ನೋಡಲು ಬರುವವರ ಹಾಗೆ ಕಾಳಾಚಾರಿ ಕೆಡಿಸಿದ ಬಾಗಿಲು ನೋಡಲು ಬಂದರು. ನಾನು ರಿಪೇರಿಯ ನೆಪದಲ್ಲಿ ಹೊಸ್ತಿಲಲ್ಲಿ ಕೂತು ಸುಮ್ಮನೆ ಉಪ್ಪುಕಾಗದ ಉಜ್ಜುತ್ತಿದ್ದೆ. ಬಂದವರು ಸುಮ್ಮನೆ ನೋಡಿ ಹೋಗುತ್ತಾರೆಯೇ? ಬಿಟ್ಟಿ ಸಲಹೆ ಕೊಡುವುದೆಂದರೆ ನಮ್ಮೂರಿನವರಿಗೆ ಹಬ್ಬದೂಟ. ಕೀಲು ಮೇಲಾಯಿತು ಅಂತ ಒಬ್ಬರು, ಕೆಳಗಾಯಿತು ಅಂತ ಇನ್ನೊಬ್ಬರು. ವಾದ ಮುಗಿಯಬೇಕಾದರೆ ಕೂರಬೇಕು. ಕೂತರೆ ಕೈ ಸುಮ್ಮನಿರುವುದಿಲ್ಲ, ಅದು ನಮ್ಮ ರಕ್ತದಲ್ಲೇ ಬಂದದ್ದು. ಎರಡನೆಯ ದಿನವೇ ಮುತ್ತುರಾಯನ ಮಡಿಲಲ್ಲಿ ಕನಕಾಂಬರ, ಮೇಷ್ಟ್ರ ಮುಂದೆ ಬೆಳ್ಳುಳ್ಳಿ. ಕೂರೋಕೆ ಬಂದಿದ್ದೇವೆ ಅಂತ ಅವರಿಗೇ ಗೊತ್ತಿಲ್ಲದೆ ಕೂತಿದ್ದರು. ನಾನು ಒಳಗೊಳಗೇ ಕುಣಿದೆ.

ಕೆಂಚಿ ಮೊದಲ ದಿನ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಮೂರನೆಯ ದಿನ ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ತ್ರಿಕೋಣ ಬರೆದು ಬಾಗಿಲು ಯಾಕೆ ಮುಚ್ಚುವುದಿಲ್ಲ ಅಂತ ಸಾಧಿಸುತ್ತಿದ್ದಾಗ, "ಸಾ, ಆ ಗೆರೆ ಸೊಟ್ಟ ಐತೆ" ಅಂದಳು. ಐದನೆಯ ದಿನ ನಾನು ಹಣೆ ಚಚ್ಚಿಕೊಂಡದ್ದನ್ನು ಅಣಕಿಸಿ ತೋರಿಸಿದಳು. ಥೇಟು ನಾನೇ. ಮುತ್ತುರಾಯ ನಕ್ಕು ನಕ್ಕು ಕಟ್ಟಿದ ಮಾಲೆಯನ್ನೆಲ್ಲ ಉದುರಿಸಿಕೊಂಡ. ಆಮೇಲೆ ಅವನ ಸರದಿ, ಅದರ ಮೇಲೆ ಮೇಷ್ಟ್ರದು. ಯಾರನ್ನು ಕಂಡರೂ ಅವರ ಹಾಗೇ ಮಾತಾಡಿ ತೋರಿಸುವ ಇಂಥ ಹುಡುಗಿ ಇಷ್ಟು ವರ್ಷ ನಮ್ಮೂರಿನಲ್ಲೇ ಇದ್ದಳು, ನಮಗೆ ಗೊತ್ತೇ ಇರಲಿಲ್ಲ.

ದಾಕ್ಷಾಯಣಿ ಒಂದು ದಿನ ಆಸ್ಪತ್ರೆಯ ಫಿಲೋಮಿನಾ ಸಿಸ್ಟರನ್ನು 'ಬಾಗಿಲು ನೋಡಲು' ಕರೆತಂದಳು. ಸಿಸ್ಟರು ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಕೆಂಚಿಯ ಜೊತೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೂತರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ. ಅವತ್ತಿನಿಂದ ವಾರಕ್ಕೆರಡು ಸಲ ಬರತೊಡಗಿದರು. ಬಾಗಿಲ ಸಂದು ಗೇಣಿನಿಂದ ನಾಲ್ಕು ಬೆರಳಿಗೆ ಇಳಿಯಿತು. ಒಂದು ಮಂಗಳವಾರ ಮತ್ತೆ ಗೇಣಾಯಿತು. ನಾನು ಸಿಸ್ಟರ ಹತ್ತಿರ ಓಡಿದೆ. "ಹೀಗೆ ಹಿಂದೆ ಮುಂದೆ ಆಗುತ್ತೆ ಆಚಾರ್ರೇ, ಕೂರೋದು ನಿಲ್ಲಿಸ್ಬೇಡಿ" ಅಂತ ಸಿಸ್ಟರು ಧೈರ್ಯ ಹೇಳಿದರು.

ಇತ್ತ ನನ್ನ ಹೆಸರು ಮೂರಾಬಟ್ಟೆಯಾಯಿತು. ಹೊಸ ಮನೆ ಕಟ್ಟುತ್ತಿದ್ದವರೊಬ್ಬರು ಬಾಗಿಲ ಕೆಲಸವನ್ನು ನನಗೆ ಕೊಡದೆ ಪಕ್ಕದ ಊರಿನ ಬಡಗಿಗೆ ಒಪ್ಪಿಸಿದರು. "ವಯಸ್ಸಾಯ್ತು ಕಣಯ್ಯ, ಕಣ್ಣು ತೋರಿಸ್ಕೊ" ಅಂತ ಮುತ್ತುರಾಯ ನಿಜವಾದ ಕಾಳಜಿಯಿಂದಲೇ ಹೇಳಿದ. ಆ ಕಾಳಜಿ ನಗೆಗಿಂತ ಹೆಚ್ಚು ಚುಚ್ಚಿತು. ಎಲೋ ದಡ್ಡ, ಆ ಬಾಗಿಲಿನಷ್ಟು ನೆಟ್ಟಗಿರುವ ಬಾಗಿಲು ಈ ಊರಿನಲ್ಲೇ ಇಲ್ಲ ಅಂತ ಕೂಗಿಬಿಡಬೇಕು ಅನ್ನಿಸಿತು. ನಾಲಿಗೆ ಕಚ್ಚಿಕೊಂಡು ಮನೆಗೆ ಬಂದೆ.

ಹದಿನಾರನೆಯ ದಿನ ಮುತ್ತುರಾಯ ಗರಗಸ ಹಿಡಿದು ಬಂದ. ಯಾರ ಹತ್ತಿರವೋ ಬೇಡಿ ತಂದದ್ದು. ಬಾಗಿಲ ಅಂಚನ್ನು ಎರಡು ಬೆರಳು ಕುಯ್ದು ಸರಿ ಮಾಡಿಯೇ ಬಿಡುತ್ತೇನೆ ಅಂತ ಅವನ ಹಟ. ಸ್ನೇಹಿತನ ಮಾನ ಉಳಿಸಬೇಕಲ್ಲ! ಒಳಗೆ ಮೇಷ್ಟ್ರಿದ್ದರು, ದಾಕ್ಷಾಯಣಿ ಇದ್ದಳು, ಊರು ಬಿಡುವ ಮೊದಲು ಈ ಪ್ರಸಿದ್ಧ ಬಾಗಿಲನ್ನು ನೋಡಿ ಹೋಗೋಣ ಅಂತ ಬಂದ ವೈಜಯಂತಿ ಮೇಡಂ ಕೈಗೂ ಯಾರೋ ಬೆಳ್ಳುಳ್ಳಿ ಕೊಟ್ಟು ಕೂರಿಸಿದ್ದರು. ಸಣ್ಣೀರಮ್ಮ ಆಗತಾನೇ ಕೆಲಸ ಮುಗಿಸಿ ಬಂದಿದ್ದಳು. "ಮುತ್ತ, ಗರಗಸ ಮುಟ್ಟಿಸ್ಬೇಡ ಕಣೋ" ಅಂತ ನಾನು ಅಡ್ಡ ನಿಂತೆ. "ಹಂಗಾರೆ ನೀನೇ ಸರಿ ಮಾಡು. ಹದಿನಾರ್ ದಿನದಿಂದ ಉಜ್ತಾ ಇದೀಯ, ಒಂದು ಬಾಗ್ಲು ಮುಚ್ಚೋ ಯೋಗ್ಯತೆ ಇಲ್ವಾ ನಿಂಗೆ?" ಅಂದ. ಎಲ್ಲರೂ ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ಬಂತು. ಅರವತ್ತರ ಹತ್ತಿರದ ಮುದುಕ, ಎಲ್ಲರ ಎದುರಿಗೆ.

"ಆಚಾರ್ರ ಕೈ ತಪ್ಪಿಲ್ಲ" ಅಂತ ಮೂಲೆಯಿಂದ ದನಿ ಕೇಳಿತು.

ಕೆಂಚಿ ಎದ್ದು ನಿಂತಿದ್ದಳು. "ಬಾಗ್ಲು ಸರಿಯಾಗೇ ಐತೆ. ನಾನೇ ಸುಳ್ಳು ಹೇಳ್ಸಿದ್ದು. ಮುಚ್ಚದಿರದು ನನ್ನಿಂದ."

ಮುತ್ತುರಾಯ ಗರಗಸವನ್ನು ಮೆಲ್ಲಗೆ ಒಯ್ದು ಗುಡಿಸಲಿಂದ ದೂರ, ಹೊರಗೆ ನಿಂತಿದ್ದ ನನ್ನ ಗಾಡಿಯೊಳಗೆ ಇಟ್ಟು ಬಂದ. ಕೂತ. ಹೂವಿನ ಬುಟ್ಟಿ ಹತ್ತಿರ ಎಳೆದುಕೊಂಡು ಒಂದು ಎಳೆ ನಾರು ತೆಗೆದ. ಅವನ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ, ಆದರೂ ಕಟ್ಟಿದ. ಮೇಷ್ಟ್ರು ಬೆಳ್ಳುಳ್ಳಿ ಸುಲಿದರು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರ ಕಣ್ಣು ಸಣ್ಣೀರಮ್ಮನ ಮೇಲಿತ್ತು. ಅವಳು ನಿಂತಲ್ಲೇ ನಿಂತಿದ್ದಳು. ಎದೆ ಒಡೆದುಕೊಳ್ಳಲಿಲ್ಲ, ಕಿರುಚಲಿಲ್ಲ. ಮಗಳ ಹತ್ತಿರ ಹೋಗಿ ಕೂತು ಅವಳನ್ನೂ ಕೈ ಹಿಡಿದು ಕೂರಿಸಿಕೊಂಡಳು. ಜಡೆ ಬಿಚ್ಚಿ ಬಾಚತೊಡಗಿದಳು. "ಊರೋರ್ ಪಾತ್ರೆನೆಲ್ಲ ಬೆಳಗ್ತೀನಿ, ನನ್ ಮಗೀನ್ ಮಕ ನೋಡ್ಲಿಲ್ವಲ್ಲವ್ವ" ಅಂದಳು. ಅಷ್ಟೇ ಅಂದದ್ದು. ಬಾಚುತ್ತಲೇ ಇದ್ದಳು, ಕಣ್ಣೀರು ಮಗಳ ಬೈತಲೆಯ ಮೇಲೆ ಬೀಳುತ್ತಲೇ ಇತ್ತು. ಕೆಂಚಿ ಹಿಂದಕ್ಕೆ ವಾಲಿ ತಾಯಿಗೆ ಒರಗಿದಳು.

ಸ್ವಲ್ಪ ಹೊತ್ತಾದ ಮೇಲೆ ವೈಜಯಂತಿ ಮೇಡಂ ತಮ್ಮ ಎಣಿಕೆಯ ಕಾಗದ ಹೊರತೆಗೆದರು. "ನಾನು ಇಲ್ಲಿಗೆ ಸೊನ್ನೆ ಅಂತ ಬರೆದಿದೀನಿ" ಅಂದರು, ತಪ್ಪೊಪ್ಪಿಕೊಳ್ಳುವವರ ಹಾಗೆ.

"ಹೊಡೆದಾಕಿ ಮೇಡಂ. ಒಂದು ಅಂತ ಬರೀರಿ" ಅಂದಳು ಕೆಂಚಿ. ಆಮೇಲೆ ಸ್ವಲ್ಪ ಯೋಚಿಸಿ, "ಪೆನ್ಸಿಲಲ್ಲಿ ಬರೀರಿ. ನಾನೊಬ್ಳೇ ಅಲ್ಲ" ಅಂದಳು.

ಮೇಡಂ ಅವತ್ತಿನ ಬಸ್ಸಿಗೆ ಹೋಗಲಿಲ್ಲ. ನಾನು ಉಳಿದ ಗುಡಿಸಲುಗಳಿಗೂ ಬಾಗಿಲು ಮಾಡ ಹೊರಟೆ. ಊರಿನವರು ಹಳೆ ಹಲಗೆ, ಮುರಿದ ಮಂಚ, ಶಾಲೆಯ ಹಾಳು ಬೆಂಚು ಎಲ್ಲ ತಂದು ಸುರಿದರು. ಮೇಲಿನ ಬೀದಿಯ ಒಂದು ಮನೆಯವರು ತಮ್ಮ ಎರಡನೆಯ ಬಾಗಿಲನ್ನೇ ಬಿಚ್ಚಿ ಕಳಿಸಿ, ಕಾವಲಿನವನ ಕೈಯಲ್ಲಿ ಒಂದು ಮಾತೂ ಹೇಳಿ ಕಳಿಸಿದರು. ನಾಳೆಯಿಂದ ನಮ್ಮ ಮನೆಗೂ ಯಾರಾದರೂ ಕೂರೋಕೆ ಬರಬಹುದು ಅಂತ. ಗುಡಿಸಲು ಸಾಲಿನಲ್ಲಿ ಆರು ಬಾಗಿಲು ನಿಲ್ಲಿಸುವಷ್ಟರಲ್ಲಿ ಮೂರು ಮುಚ್ಚದೆ ನಿಂತವು. ಮೇಡಂ ಪೆನ್ಸಿಲಿನಲ್ಲಿ ತಿದ್ದುತ್ತಾ ಹೋದರು. ಕಡೆಗೆ ಕೂರಲು ಜನ ಸಾಲದೆ ನಮ್ಮೂರಿನಲ್ಲಿ ಸರದಿ ಹಚ್ಚಬೇಕಾಯಿತು. ಬೆಳ್ಳುಳ್ಳಿ ಸುಲಿಯುವುದು ಎಷ್ಟಾಯಿತೆಂದರೆ ಆ ವರ್ಷ ಊರಿಗೆ ಊರೇ ಉಪ್ಪಿನಕಾಯಿ ವಾಸನೆ ಹೊಡೆಯುತ್ತಿತ್ತು. ನಿಜ ತಿಳಿದ ಮೇಲೂ ನನ್ನನ್ನು ಗೇಲಿ ಮಾಡುವುದನ್ನು ಯಾರೂ ಬಿಡಲಿಲ್ಲ. ನನ್ನ ಜಂಬ ಇಳಿಸಲು ಅವರಿಗೆ ಇನ್ನೊಂದು ಕಥೆ ಸಿಕ್ಕಿಲ್ಲ.

ಕೆಂಚಿಯ ಬಾಗಿಲು ಮಾತ್ರ ಅವಸರ ಮಾಡಲಿಲ್ಲ. ಮಳೆ ಬಂದು ಹೋಯಿತು. ಸಂದು ನಾಲ್ಕು ಬೆರಳು, ಎರಡು ಬೆರಳು, ಮತ್ತೆ ಮೂರು. ನಾನು ದಿನ ತಪ್ಪಿಸದೆ ಹೋದೆ. ಒಂದು ದಿನ ಮಧ್ಯಾಹ್ನ ಊಟ ಮುಗಿಸಿ, ಎಂದಿನ ಹಾಗೆ ಮರದ ಚೂರು ಹಿಡಿದು ಹೋದರೆ, ಬಾಗಿಲು ಮುಚ್ಚಿತ್ತು.

ಮೊದಲು ಕಣ್ಣು ನಂಬಲಿಲ್ಲ. ಅಂಚಿನ ಉದ್ದಕ್ಕೂ ಉಗುರು ಎಳೆದೆ, ಒಂದು ಕಡೆಯೂ ಸಿಕ್ಕಲಿಲ್ಲ. ಹಲಸಿನ ಹಲಗೆ ಚೌಕಟ್ಟಿನೊಳಗೆ ಹಾಲಿಗೆ ಹಾಲು ಸೇರಿದ ಹಾಗೆ ಕೂತಿತ್ತು. ಆ ಸಾಲಿನಲ್ಲಿ ಬಾಗಿಲು ತಟ್ಟಿದ ರೂಢಿ ಯಾರಿಗೂ ಇರಲಿಲ್ಲ, ತಾಟು ಸರಿಸಿ ನುಗ್ಗುವುದೇ ಅಭ್ಯಾಸ. ನಾನು ಕಣ್ಣೊರೆಸಿಕೊಂಡು, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದೆ.

ಒಳಗೆ ಗಲಗಲ ಮಾತು ನಿಂತಿತು. "ಯಾರದು?" ಅಂದಳು ಕೆಂಚಿ. ಹುಟ್ಟಿದಾಗಿನಿಂದ ಆ ಹುಡುಗಿಗೆ ತನ್ನ ಮನೆಯೊಳಗೆ ಕೂತು ಯಾರದು ಅಂತ ಕೇಳುವ ಯೋಗ ಬಂದಿರಲಿಲ್ಲ. ಆ ದನಿಯ ಗತ್ತು ಕೇಳಬೇಕಿತ್ತು ನೀವು, ಸಾಕ್ಷಾತ್ ಮೇಲಿನ ಬೀದಿಯ ಯಜಮಾನಿಯನ್ನೇ ಅಣಕಿಸಿದ್ದಳು.

"ನಾನು ಕಣಮ್ಮ, ಕಾಳಾಚಾರಿ."

"ಏನ್ ಬೇಕಾಗಿತ್ತು?"

"ಏನಿಲ್ಲ. ಕೂರೋಕೆ ಬಂದೆ."

ಒಳಗೆ ಪಿಸುಮಾತು, ಮುತ್ತುರಾಯನ ಕೆಮ್ಮು, ಇನ್ನೂ ಎರಡು ಮೂರು ಹುಡುಗಿಯರ ನಗು, ಸಣ್ಣೀರಮ್ಮನ "ಸುಮ್ಕಿರೇ ಪಾಪ" ಎಲ್ಲ ಕೇಳಿಸಿತು.

"ಒಳಗೆ ಜಾಗ ಇಲ್ಲ ಆಚಾರ್ರೇ" ಅಂದಳು ಕೆಂಚಿ. "ನಾಳೆ ಬನ್ನಿ. ನಾಳೆ ನಾನು ಇಲ್ಲೇ ಇರ್ತೀನಿ."